ಒಂದು ಏಟು, ಎರಡು ಏಟು

ಡ್ರಾಯರ್ ಸಲೀಸಾಗಿ ಬಂತು. ಹಾಗೆ ಬರಬಾರದಿತ್ತು.

ಸಾವಿರ ಕಾರ್ಡುಗಳ ಭಾರ ಹೊತ್ತ ಡ್ರಾಯರ್ ಅದು. ಹತ್ತೊಂಬತ್ತು ವರ್ಷದಿಂದ ಅದನ್ನು ಎಳೆಯುತ್ತಿದ್ದ ಹೆಂಗಸು ಎಂದಿನಂತೆ ಕಾಲೂರಿ, ಎರಡೂ ಕೈ ಹಾಕಿ ಜಗ್ಗಿದಳು. ಡ್ರಾಯರ್ ಬೀರುವಿನಿಂದ ಚಂಗನೆ ಹಾರಿ ಬಂತು. ಹೆಂಗಸು ಅದನ್ನು ಎದೆಗವಚಿಕೊಂಡೇ ಹಿಂದಕ್ಕೆ ಕುಸಿದು ಕುಳಿತಳು. ಒಳಗೆ ನೋಡಿದಳು. ಮರದ ತಳ ಬಿಟ್ಟರೆ ಏನೂ ಇರಲಿಲ್ಲ.

"ಮೇಷ್ಟ್ರೇ," ಎಂದಳು. "ಅಳತೆಗಳು ಹೋದವು."

ಬಾಗಿಲಲ್ಲಿ ನಿಂತಿದ್ದ ಮುದುಕರು ಚೌಕಟ್ಟು ಹಿಡಿದುಕೊಂಡರು. "ಹೋದವು ಅಂದ್ರೆ? ಎಲ್ಲಿಗೆ ಹೋದವು? ಬೆಳಿಗ್ಗೆ ಇದ್ದವಲ್ಲ!"

"ಹನ್ನೊಂದಕ್ಕೆ ನಾನೇ ಇದರಿಂದ ಒಂದು ಕಾರ್ಡು ತೆಗೆದೆ. ಆಗ ತುಂಬಿತ್ತು."

ಗೋಡೆ ಗಡಿಯಾರದಲ್ಲಿ ಹನ್ನೆರಡು.

ಅದು ನಿಘಂಟಿನ ಕಚೇರಿ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ ನಡೆಯುತ್ತಿತ್ತು. ಕೇಳಲು ಒಂದೇ ಥರ ಇದ್ದು ಅರ್ಥದಲ್ಲಿ ಬೇರೆ ಬೇರೆಯಾದ ಪದಗಳನ್ನೆಲ್ಲ ಜೋಡಿ ಮಾಡಿ ಒಂದು ಕೋಶ ತರುವುದು. ಅಕ್ಕಿ, ಹಕ್ಕಿ. ಹಾಲು, ಹಾಳು. ನಮ್ಮವು ಮುಗಿದ ಮೇಲೆ ಪರಭಾಷೆಯವು, ಇಂದಿನವು ಮುಗಿದ ಮೇಲೆ ಸಾವಿರಾರು ವರ್ಷ ಹಳೆಯವು. ಒಂದೊಂದು ಪದಕ್ಕೆ ಒಂದೊಂದು ಕಾರ್ಡು. ಕಾರ್ಡಿನಲ್ಲಿ ಅರ್ಥ, ಆಧಾರ, ಬರೆದ ತಾರೀಖು. ಹನ್ನೊಂದನೇ ಡ್ರಾಯರಿನಲ್ಲಿ ಅಳತೆಯ ಪದಗಳು. ಪ್ರಾಚೀನ ಹೀಬ್ರೂ ಜನರ ಓಮೆರ್, ಹೋಮೆರ್, ಏಫಾ, ಬತ್, ಹಿನ್, ಲೋಗ್ ಎಲ್ಲ ಅಲ್ಲೇ. ಅವುಗಳಲ್ಲಿ ಅಚ್ಚಿಗೆ ಹೋಗಿದ್ದು ಎಂಟೇ ಪುಟ. ಉಳಿದದ್ದು ಕಾರ್ಡಿನ ಮೇಲೆ ಮಾತ್ರ ಇತ್ತು. ನಕಲು ಮಾಡಿಸೋಣ ಎಂದು ಮೂರು ವರ್ಷದಿಂದ ಮಾತಾಡುತ್ತಿದ್ದರು. ಮಾತು ಮಾತಾಗಿಯೇ ಉಳಿದಿತ್ತು.

ಪೊಲೀಸರಿಗೆ ಫೋನ್ ಮಾಡಿದವರು ಸಹಾಯಕ ಸಂಪಾದಕರು. "ಕಳ್ಳತನ ಆಗಿದೆ," ಎಂದರು. ಅರೆಕ್ಷಣ ಬಿಟ್ಟು, "ಯಾರು ಅಂತಾನೂ ಗೊತ್ತಾಗಿದೆ. ಬೇಗ ಬನ್ನಿ," ಎಂದರು.

*

ಬಂದವಳು ಇನ್‌ಸ್ಪೆಕ್ಟರ್. ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಏನಂದ್ರಿ ಮೇಡಂ' ಎಂದು. ಗುಂಡು ಹಾರಿಸುವ ತರಬೇತಿಯಲ್ಲಿ ಎಡಗಿವಿ ಅರ್ಧ ಹೋಗಿತ್ತು. ಕಿವಿಯ ಯಂತ್ರ ಪರ್ಸಿನಲ್ಲಿತ್ತು. ಕಿವಿಯಲ್ಲಿ ಇರುತ್ತಿದ್ದದ್ದು ಅಪರೂಪ. ಹಾಗಾಗಿ ಮಾತುಮಾತಿಗೂ "ಏನಂದ್ರಿ?" ಎನ್ನುತ್ತಿದ್ದಳು. ಚೆನ್ನಾಗಿ ಕಿವಿ ಕೇಳುವವರು ಅರ್ಧ ಕೇಳಿ ಉಳಿದರ್ಧ ತಾವೇ ತುಂಬಿಕೊಳ್ಳುತ್ತಾರೆ. ಇವಳಿಗೆ ಆ ಸುಖವಿರಲಿಲ್ಲ. ಅದರಿಂದ ಒಂದು ಲಾಭವೂ ಇತ್ತು. ಸತ್ಯವನ್ನು ಎರಡು ಸಲ ಹೇಳಿದರೆ ಅದು ಹಾಗೇ ಇರುತ್ತದೆ, ಸುಳ್ಳು ಎರಡನೇ ಸಲ ಸ್ವಲ್ಪ ಉದ್ದವಾಗುತ್ತದೆ.

"ಕದ್ದಿರೋದು ಏನು?" ಎಂದು ಕೇಳಿದಳು.

"ಓಮೆರ್, ಹೋಮೆರ್, ಬತ್..." ಎಂದು ಶುರು ಮಾಡಿದರು ಸಹಾಯಕರು.

"ಏನಂದ್ರಿ? ಭತ್ತಾನಾ?"

"ಬತ್, ಮೇಡಂ. ಎಣ್ಣೆ ಅಳೆಯೋ ಹಳೇ ಅಳತೆ."

"ಎಣ್ಣೆ ಅಳೆಯೋದಕ್ಕೆ ಭತ್ತ ಅಂತ ಹೆಸರಿಟ್ರೆ ಕಳುವಾಗದೆ ಏನಾಗುತ್ತೆ," ಎಂದು ಅವಳ ಜೊತೆಗೆ ಬಂದಿದ್ದ ದಫೇದಾರ ಗೊಣಗಿದ. ಅದು ಮಾತ್ರ ಮೇಡಂಗೆ ಚೆನ್ನಾಗಿ ಕೇಳಿಸಿತು.

ಕಟ್ಟಡದಲ್ಲಿ ಆವತ್ತು ಇದ್ದವರು ಐದೇ ಜನ. ಮಹಡಿಯಲ್ಲಿ ಕೋಶದ ಸಂಪಾದಕರಾದ ಮೇಷ್ಟ್ರು. ಕೆಳಗೆ ಕೋಣೆಗಳ ನಡುವೆ ಹಾದುಹೋಗುವ ಉದ್ದನೆಯ ಓಣಿ. ಓಣಿಯ ಒಂದು ಪಕ್ಕ ಕಾರ್ಡುಗಳ ಕೋಣೆ, ಅಲ್ಲಿ ಡ್ರಾಯರ್ ಎಳೆದ ಆ ಹೆಂಗಸು, ಎಲ್ಲರ ಬಾಯಲ್ಲಿ ಕಾರ್ಡಕ್ಕ. ಅದರ ಎದುರಿಗೆ ಪ್ರೂಫ್ ಕೋಣೆ, ಅಲ್ಲಿ ಸಹಾಯಕ ಸಂಪಾದಕರು ಮತ್ತು ಅವರಿಗೆ ಪ್ರತಿಯನ್ನು ಗಟ್ಟಿಯಾಗಿ ಓದಿಹೇಳುವ, 'ಕಂಚು' ಎಂಬ ಅಡ್ಡಹೆಸರಿನ ಓದುಗ. ಹೆಸರಿಗೆ ತಕ್ಕ ಗಂಟಲು. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು. ಓಣಿಯ ಕೊನೆಗೆ, ಮುಂಬಾಗಿಲ ಬಳಿ, ಕುರ್ಚಿ ಹಾಕಿಕೊಂಡು ಬಾಗಿಲು ಕಾಯುವ ತಾತ. ಹೊರಗೆ ಹೋಗುವ ಪ್ರತಿ ಚೀಲವನ್ನೂ ತಾತ ಬಿಚ್ಚಿಸಿ ನೋಡುತ್ತಿದ್ದ. ಆ ಕಟ್ಟಡದಿಂದ ಒಂದು ಚೂರು ಕಾಗದ ಆಚೆ ಹೋಗಬೇಕಾದರೂ ಮೇಷ್ಟ್ರ ಚೀಟಿ ಬೇಕು.

"ಬೆಳಿಗ್ಗೆಯಿಂದ ಯಾರು ಆಚೆ ಹೋದರು ತಾತ?"

"ಒಂದು ನೊಣಾನೂ ಹೋಗಿಲ್ಲಮ್ಮ."

ಸಹಾಯಕರು ಲೆಕ್ಕ ಒಪ್ಪಿಸುವವರಂತೆ ಹೇಳಿದರು: "ಹನ್ನೊಂದಕ್ಕೆ ಡ್ರಾಯರ್ ತುಂಬಿತ್ತು ಅಂತ ಅವಳೇ ಹೇಳ್ತಾಳೆ. ಹನ್ನೊಂದರಿಂದ ಹನ್ನೊಂದೂಕಾಲು ಅವಳು ಮಹಡಿಗೆ ಹೋಗಿದ್ದಳು, ಮೇಷ್ಟ್ರ ಕಣ್ಣಿಗೆ ಔಷಧಿ ಹಾಕೋಕೆ. ಆ ಹೊತ್ತಲ್ಲಿ ನಾನೂ ಕಂಚೂ ಜೋರಾಗಿ ಪ್ರೂಫ್ ಓದ್ತಾ ಇದ್ವಿ. ತಾತನ್ನ ಕೇಳಿ. ಹನ್ನೊಂದೂಕಾಲಿಂದ ಹನ್ನೆರಡರ ತನಕ ಕಾರ್ಡಿನ ಕೋಣೇಲಿ ಇದ್ದದ್ದು ಅವಳೊಬ್ಬಳೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?"

"ಇಬ್ಬರೂ ಇದ್ವಿ," ಎಂದ ಕಂಚು.

"ಓದಿದ್ದು ಕೇಳಿಸ್ತಾ ತಾತ?" ಎಂದಳು ಮೇಡಂ.

"ಕೇಳ್ದೆ ಏನು? ನಲ್ಲಿ ನೀರು ಬಿಟ್ಟ ಹಾಗೆ ಓದ್ತಾ ಇದ್ದ ಕಂಚು. ಒಂದು ಕ್ಷಣ ನಿಲ್ಲಿಸಲಿಲ್ಲ."

"ಓಣಿಯಲ್ಲಿ ಯಾರಾದರೂ ಓಡಾಡಿದ್ದು?"

ತಾತ ಕೆಮ್ಮಿದ. "ಇಲ್ಲ," ಎಂದ. ಮೇಡಂ ಆ ಕೆಮ್ಮನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

"ಅವಳಿಗೇನು ಬಂತು ಕದಿಯೋಕೆ?" ಎಂದು ಸಹಾಯಕರನ್ನು ಕೇಳಿದಳು.

ಸಹಾಯಕರು ದನಿ ತಗ್ಗಿಸಿದರು. ಮೇಡಂ "ಏನಂದ್ರಿ?" ಎಂದಳು. ಸಹಾಯಕರು ದನಿ ಏರಿಸಬೇಕಾಯಿತು. ಹಾಗಾಗಿ ಓಣಿಯಲ್ಲಿದ್ದವರಿಗೆಲ್ಲ ಕೇಳಿಸಿತು. "ನಿನ್ನೆ ಮೇಷ್ಟ್ರ ಹತ್ರ ಜಗಳ ಮಾಡಿದಾಳೆ. ಪುಸ್ತಕದ ಮೊದಲನೇ ಪುಟದಲ್ಲಿ ತನ್ನ ಹೆಸರೂ ಬೇಕಂತೆ! ಹತ್ತನೇ ಕ್ಲಾಸು ಓದಿದವಳು. ಆಗಲ್ಲ ಅಂದ್ರು ಮೇಷ್ಟ್ರು. ಸಿಟ್ಟು ತೀರಿಸ್ಕೊಂಡಿದಾಳೆ."

ಕಾರ್ಡಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು. ಐವತ್ತು ದಾಟಿದ ಹೆಂಗಸು. ಬಲಗೈ ಹೆಬ್ಬೆರಳು ಕಾರ್ಡು ಸರಿಸಿ ಸರಿಸಿ ನುಣ್ಣಗಾಗಿತ್ತು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಜಗಳ ಮಾಡಿದ್ದು ಹೌದಾ ಅಕ್ಕ?"

"ಹೌದು ಮೇಡಂ. ಕೇಳಿದೆ. ಆಗಲ್ಲ ಅಂದ್ರು. ಬೇಜಾರಾಯ್ತು. ಮನೆಗೆ ಹೋಗಿ ಊಟ ಮಾಡಲಿಲ್ಲ. ಇವತ್ತು ಬಂದು ಅವರ ಕಣ್ಣಿಗೆ ಔಷಧಿ ಹಾಕಿದೆ. ಇಷ್ಟೇ." ಖಾಲಿ ಡ್ರಾಯರ್ ಕಡೆಗೆ ನೋಡಿದಳು. "ಅದನ್ನ ಕದ್ದು ನಾನೇನು ಮಾಡ್ಲಿ? ಅದರಲ್ಲಿ ಇದ್ದದ್ದೇ ನನ್ನ ಅಕ್ಷರ."

*

ಹುಡುಕಾಟ ಶುರುವಾಯಿತು. ಹತ್ತೇ ನಿಮಿಷಕ್ಕೆ ದಫೇದಾರ ಹಿತ್ತಲಿಂದ ಕೂಗುತ್ತ ಓಡಿ ಬಂದ. "ಸುಟ್ಟಿದಾರೆ ಮೇಡಂ! ಡ್ರಮ್ಮಲ್ಲಿ ಬೂದಿ ಇನ್ನೂ ಬಿಸಿ ಇದೆ!"

ಕಾರ್ಡಕ್ಕ ಎದ್ದವಳು ಹಾಗೇ ಗೋಡೆಗೆ ಒರಗಿದಳು. ಮಹಡಿಯ ಮೆಟ್ಟಿಲಿನಲ್ಲಿ ಮೇಷ್ಟ್ರು "ಅಯ್ಯೋ" ಎಂದು ಕುಳಿತರು. ಮೇಡಂ ಹೋಗಿ ಡ್ರಮ್ಮಿಗೆ ಕೋಲು ಹಾಕಿ ಕೆದಕಿದಳು. ಅರೆಬೆಂದ ಚೂರೊಂದು ಮೇಲೆ ಬಂತು. ಅದರಲ್ಲಿದ್ದದ್ದು ಅಚ್ಚಿನ ಅಕ್ಷರ, ಕೈಬರಹವಲ್ಲ. ಅಂಚಿನಲ್ಲಿ ಪ್ರೂಫಿನ ಗುರುತು.

"ಹಳೇ ಪ್ರೂಫು," ಎಂದ ತಾತ. "ದಿನಾ ಬೆಳಿಗ್ಗೆ ನಾನೇ ಸುಡ್ತೀನಿ. ಕೇಳಿದ್ರೆ ಹೇಳ್ತಿರಲಿಲ್ವಾ?"

ದಫೇದಾರ ಮುಖದ ಬೆವರು ಒರೆಸಿಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವನದು. ಆದರೆ ಕೆಲಸಗಳ್ಳನಲ್ಲ. ಕಾರ್ಡಿನ ಕೋಣೆಯ ಅಷ್ಟೂ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಎಲ್ಲದರಲ್ಲೂ ಅದರದರ ಕಾರ್ಡು. ಹಿಂದಿನ ಗೋಡೆಗೆ ಒಂದು ತಗ್ಗು ಬೀರು ಇತ್ತು, ಕೋಶದಿಂದ ಕೈಬಿಟ್ಟ ಪದಗಳದ್ದು. ಅದನ್ನೂ ಬಿಡಲಿಲ್ಲ. ಅಲ್ಲಿಯೂ ಪ್ರತಿ ಡ್ರಾಯರಿನ ಮುಂದೆ ಕೆಂಪು ಗೀಟು ಎಳೆದ ಕಾರ್ಡುಗಳೇ. ಚೀಲಗಳು, ಮೇಜುಗಳು, ಚಾವಣಿಯ ಮೂಲೆ, ಏನೂ ಸಿಗಲಿಲ್ಲ.

"ಇನ್ನೇನು ಕಾಯ್ತಿದೀರಿ ಮೇಡಂ?" ಎಂದರು ಸಹಾಯಕರು. "ಠಾಣೆಗೆ ಕರ್ಕೊಂಡು ಹೋಗಿ ಕೂರಿಸಿದ್ರೆ ತಾನಾಗೇ ಬಾಯಿ ಬಿಡ್ತಾಳೆ."

ಕಾರ್ಡಕ್ಕ ತನ್ನ ಕೊರಳಲ್ಲಿದ್ದ ಕೋಣೆಯ ಬೀಗದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಕರೀತೀರಾ ಅಂದ್ರೆ ಬರ್ತೀನಿ," ಎಂದಳು. "ಆದ್ರೆ ಕಳ್ಳಿ ಅನ್ನಿಸ್ಕೊಂಡು ಈ ಕೋಣೆಗೆ ನಾನು ಮತ್ತೆ ಕಾಲಿಡಲ್ಲ."

ಕಂಚು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಅಷ್ಟು ದೊಡ್ಡ ಗಂಟಲಿನವನು ಸುಮ್ಮನಿರುವುದು ಮೇಡಂಗೆ ಯಾಕೋ ಸರಿ ಕಾಣಲಿಲ್ಲ.

*

ಮೇಷ್ಟ್ರ ಮೇಜಿನ ಮೇಲೆ ಭೂತಗನ್ನಡಿಯ ಕೆಳಗೆ ಒಂದು ಕಾರ್ಡು ಇತ್ತು. ಹನ್ನೊಂದು ಗಂಟೆಗೆ ಅಕ್ಕ ತಂದಿಟ್ಟದ್ದು. ಔಷಧಿ ಬಿದ್ದ ಕಣ್ಣಿಗೆ ಓದಲಾಗದೆ ಹಾಗೇ ಬಿಟ್ಟಿದ್ದರು. ಹನ್ನೆರಡಕ್ಕೆ ಕಣ್ಣು ತಿಳಿಯಾದ ಮೇಲೆ ಅದರ ಜೋಡಿ ಕಾರ್ಡು ಕೇಳಲು ಕೆಳಗಿಳಿದಿದ್ದರು.

ಮೇಡಂ ಅದನ್ನು ಓದಿದಳು. ದುಂಡನೆಯ, ಅವಸರವಿಲ್ಲದ ಅಕ್ಷರ.

'ಓಮೆರ್: ಹೀಬ್ರೂ ಅಳತೆ. ಏಫಾದ ಹತ್ತನೇ ಒಂದು ಪಾಲು. ಒಬ್ಬರಿಗೆ ಒಂದು ದಿನಕ್ಕೆ ಸಾಕಾಗುವ ಕಾಳು. ಹೋಮೆರ್ ಬೇರೆ, ಅದು ಹತ್ತು ಏಫಾ, ಇದರ ನೂರರಷ್ಟು. ನೆನಪಿಗೆ: ಓಮೆರ್ ಕೈಯಲ್ಲಿ ಹಿಡಿಯುವ ಮಡಿಕೆ, ಹೋಮೆರ್ ಕತ್ತೆ ಹೊರುವ ಹೇರು.'

ಕೆಳಗೆ ಆಧಾರ, ಪುಟಸಂಖ್ಯೆ. ಮೂಲೆಯಲ್ಲಿ ತಾರೀಖು. ಹದಿನೇಳು ವರ್ಷ ಹಿಂದಿನದು.

"ಇದು ಯಾರು ಬರೆದದ್ದು?"

"ಅವಳದೇ." ಮೇಷ್ಟ್ರು ಕನ್ನಡಕ ತೆಗೆದರು. "ನಾನು ಅಂದುಕೊಂಡಿದ್ದೆ, ಅವಳು ನಾವು ಹೇಳಿದ್ದನ್ನ ಬರ್ಕೊಳ್ತಾಳೆ, ಜೋಡಿಸಿಡ್ತಾಳೆ ಅಂತ. ನಿನ್ನೆ ಹೆಸರು ಕೇಳಿದಾಗ ರೇಗಿಬಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ ತಾಯಿ. ಅವಳು ಸ್ವಂತವಾಗಿ ಮಾಡಿದ್ದು ಎಷ್ಟು ಅಂತ ನಾನು ಒಂದು ದಿನಾನೂ ನೋಡಿಲ್ಲವಲ್ಲ! ಇವತ್ತು ಅಳತೆಗಳ ಡ್ರಾಯರಿಂದಲೇ ಶುರು ಮಾಡೋಣ, ಅವಳ ಕೈಯ ಕಾರ್ಡು ಎಷ್ಟಿವೆ ಎಣಿಸೋಣ ಅಂತಿದ್ದೆ."

"ಅದನ್ನ ಅಕ್ಕನಿಗೆ ಹೇಳಿದ್ರಾ?"

"ಇಲ್ಲ. ಎಣಿಸಿ ಆಮೇಲೆ ಹೇಳೋಣ ಅಂತ. ಬೆಳಿಗ್ಗೆ ಬಂದಾಗ ಪ್ರೂಫ್ ಕೋಣೆಯಲ್ಲಿ ಮಾತ್ರ ಹೇಳಿದೆ."

ಮೇಡಂ ಕಾರ್ಡನ್ನು ಜೇಬಿಗೆ ಹಾಕಿಕೊಂಡಳು. ಕೆಳಗಿಳಿಯುವಾಗ ಅವಳ ಹೆಜ್ಜೆ ನಿಧಾನವಾಗಿತ್ತು. ಆ ಡ್ರಾಯರ್ ಮಾಯವಾದರೆ ನಷ್ಟ ಎಲ್ಲರಿಗಿಂತ ಹೆಚ್ಚು ಯಾರಿಗೆ? ಅಕ್ಷರ ಯಾರದೋ ಅವರಿಗೆ. ತನ್ನ ಪರವಾದ ಸಾಕ್ಷಿಯನ್ನು ತಾನೇ ಬಚ್ಚಿಡುವವರು ಉಂಟೇ?

ಓಣಿಯಲ್ಲಿ ದಫೇದಾರ ಬೆಂಚಿನ ಮೇಲೆ ಕುಳಿತು ಒಂದು ಬಣ್ಣದ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಏನ್ರೀ ಅದು?"

"ಸಹಾಯಕರ ಮೇಜಿನ ಮೇಲೆ ಒಂದು ಕಟ್ಟೇ ಇತ್ತು ಮೇಡಂ. ಅವರದೇ ಪುಸ್ತಕ ಬರ್ತಾ ಇದೆಯಂತೆ. 'ಪ್ರಾಚೀನರ ಅಳತೆಗಳು.' ಮೊದಲನೇ ಭಾಗ ಆಗಿದೆ, ಎರಡನೇದು ಬರೀತಾ ಇದಾರಂತೆ. ಒಂದು ಪುಟ ಮಾದರಿಗೆ ಅಚ್ಚು ಹಾಕಿಸಿದಾರೆ."

ಮೇಡಂ ಅದನ್ನು ಕಿತ್ತುಕೊಂಡು ಓದಿದಳು. ಅರ್ಧಕ್ಕೆ ಬಂದಾಗ ಕಣ್ಣು ನಿಂತಿತು. ಜೇಬಿನಿಂದ ಕಾರ್ಡು ತೆಗೆದು ಪಕ್ಕಕ್ಕೆ ಹಿಡಿದಳು.

ಕೈಯಲ್ಲಿ ಹಿಡಿಯುವ ಮಡಿಕೆ. ಕತ್ತೆ ಹೊರುವ ಹೇರು.

"ದಫೇದಾರ್ರೇ, ನಿಮಗೆ ಸೆಕೆ ಆಗಿದ್ದು ಒಳ್ಳೇದಾಯ್ತು," ಎಂದಳು.

ಕಾರಣ ಸಿಕ್ಕಿತು. ಆದರೆ ಕಾರಣ ಸಿಕ್ಕರೆ ಕಳ್ಳ ಸಿಕ್ಕ ಹಾಗಲ್ಲ. ಆ ಕಾಲು ಗಂಟೆ ಸಹಾಯಕರು ಪ್ರೂಫ್ ಕೋಣೆಯಲ್ಲಿ ಇದ್ದರು ಎಂದು ಇಬ್ಬರು ಹೇಳುತ್ತಿದ್ದರು. ಒಬ್ಬ ಕಂಚು, ಇನ್ನೊಬ್ಬ ತಾತ.

*

"ಬೆಳಿಗ್ಗೆ ಹನ್ನೊಂದಕ್ಕೆ ಓದಿದ ಪುಟಗಳನ್ನೇ ಈಗ ನನ್ನ ಮುಂದೆ ಓದಿ," ಎಂದಳು ಮೇಡಂ. "ಆಗ ಹೇಗೆ ಓದಿದ್ರೋ ಹಾಗೇ."

"ಅದರಿಂದ ಏನು ಪ್ರಯೋಜನ?" ಎಂದರು ಸಹಾಯಕರು.

"ನನಗೆ ಓದು ಬರಹ ಅಂದ್ರೆ ಇಷ್ಟ. ಕಿವಿ ಮಂದ. ಹತ್ತಿರ ಕೂರ್ತೀನಿ."

ಪ್ರೂಫ್ ಕೋಣೆಯಲ್ಲಿ ಒಂದು ದೊಡ್ಡ ಮೇಜು. ಕಂಚು ಬೆರಳಚ್ಚಿನ ಪ್ರತಿ ಹಿಡಿದು ಕುಳಿತ. ಸಹಾಯಕರು ಎದುರಿಗೆ ಅಚ್ಚಿನ ಪ್ರೂಫ್ ಹರಡಿಕೊಂಡರು. ಅವರ ಬಲಗೈ ಬಳಿ ಒಂದು ರೂಲುದೊಣ್ಣೆ. ಮೇಡಂ ನಡುವೆ ಕುರ್ಚಿ ಎಳೆದುಕೊಂಡು, ಕಿವಿ ಸಾಲದಿದ್ದಾಗ ಮಾಡುವಂತೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು.

ಕಂಚು ಶುರು ಮಾಡಿದ. "ಓಮೆರ್..."

ಟಕ್.

"ಏಫಾದ ಹತ್ತನೇ ಒಂದು ಪಾಲು. ನೋಡಿ: ಹೋಮೆರ್..."

ಟಕ್ ಟಕ್.

"ಹತ್ತು ಏಫಾ, ಅಂದರೆ ನೂರು ಓಮೆರ್..."

ಟಕ್.

ಏಟುಗಳು ಮರದಿಂದ ನೇರ ಅವಳ ಅಂಗೈಗೆ ಬಂದವು. ಪ್ರತಿ ಏಟಿಗೂ ಕಂಚು ನಿಲ್ಲುತ್ತಿದ್ದ. ಏಟು ಬಿದ್ದ ಮೇಲೆಯೇ ಮುಂದಿನ ಪದ.

"ಇದೇನು ತಟ್ಟೋದು?"

ಕಂಚುವೇ ಹೇಳಿದ. "ಅದು ಇಲ್ಲಿಯ ಪದ್ಧತಿ ಮೇಡಂ. ಒಂದೇ ಥರ ಕೇಳೋ ಪದಗಳೇ ಅಲ್ವಾ ಪುಸ್ತಕದ ತುಂಬ? ನನಗೆ ಹೊಟ್ಟೆ ಹಸಿದರೆ ಹಕಾರ ಬಿದ್ದುಹೋಗುತ್ತೆ, ಹಕ್ಕಿ ಅನ್ನೋದು ಅಕ್ಕಿ ಆಗುತ್ತೆ. ಅದಕ್ಕೆ ಎದುರಿಗೆ ಪ್ರೂಫ್ ನೋಡೋರು ತಟ್ತಾರೆ. ಅಳತೆಯ ಜೋಡಿಗಳಾದ್ರೆ ಚಿಕ್ಕದಕ್ಕೆ ಒಂದು ಏಟು, ದೊಡ್ಡದಕ್ಕೆ ಎರಡು. ನನ್ನ ಪ್ರತೀಲಿ ಇರೋದಕ್ಕೆ ಏಟು ತಾಳೆ ಆದ್ರೆ ಮುಂದೆ ಹೋಗ್ತೀನಿ. ಓದೋನು ಮಾತ್ರ ದೊಣ್ಣೆ ಮುಟ್ಟಬಾರದು. ಮೇಷ್ಟ್ರು ಹಾಕಿದ ನಿಯಮ."

"ಮುಂದೆ ಓದಿ."

ಟಕ್. ಟಕ್ ಟಕ್. ಟಕ್.

ಬಾಗಿಲಲ್ಲಿ ತಾತನ ಮುಖ ಕಾಣಿಸಿತು. "ಮತ್ತೆ ಶುರು ಆಯ್ತಾ? ಮಧ್ಯಾಹ್ನಾನೂ ಬಿಡಲ್ವಾ ಮಾರಾಯರು? ಒಂಬತ್ತು ವರ್ಷದಿಂದ ಆ ಕುರ್ಚೀಲಿ ಕಣ್ಣು ಮುಚ್ಚೋಕೆ ಆಗಿಲ್ಲ ಇವರ ಕಾಟಕ್ಕೆ. ಹೊಲಿಗೆ ಮಿಷನ್ನಾದರೂ ವಾಸಿ."

ಮೇಡಂ ತಿರುಗಿದಳು. "ತಾತ, ಬೆಳಿಗ್ಗೆ ಹನ್ನೊಂದಕ್ಕೂ ಹೀಗೇ ಕಾಟ ಇತ್ತಾ?"

"ಆವಾಗ ಎಲ್ಲಿತ್ತು? ಆವಾಗ ಹಾಯಾಗಿ..." ತಾತ ನಾಲಿಗೆ ಕಚ್ಚಿಕೊಂಡ.

"ಹಾಯಾಗಿ ಏನು?"

ತಾತ ತಲೆ ತಗ್ಗಿಸಿದ. "ಒಂದು ಜೊಂಪು ಹತ್ತಿತ್ತಮ್ಮ. ಕೆಲಸದ ಹೊತ್ತಲ್ಲಿ ಮಲಗಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು. ಕಂಚು ದನಿ ಕಿವಿಗೆ ಬೀಳ್ತಾನೇ ಇತ್ತು, ಜೋಗುಳದ ಹಾಗೆ. ಕಾಲು ಗಂಟೆ ಆದ್ಮೇಲೆ ಟಕ್ ಟಕ್ ಅಂತ ಶುರು ಆಯ್ತು ನೋಡಿ, ಬೆಚ್ಚಿ ಎದ್ದೆ."

ಸಹಾಯಕರ ಕೈ ತಾನಾಗಿ ದೊಣ್ಣೆಯಿಂದ ದೂರ ಸರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಇಲ್ಲಿ ಇನ್ನೂ ಯಾರೂ ಕಳ್ಳ ಎಂದೇ ಇರಲಿಲ್ಲ.

"ಕಂಚು ಅವರೇ," ಎಂದಳು ಮೇಡಂ. "ಈ ಎಂಟು ಪುಟದಲ್ಲಿ ಸಾಲಿಗೊಂದು ಅಳತೆ ಇದೆ. ಏಟಿಲ್ಲದೆ ನೀವು ಒಂದು ಸಾಲೂ ದಾಟಲ್ಲ. ಬೆಳಿಗ್ಗೆ ನಲ್ಲಿ ನೀರಿನ ಹಾಗೆ ಹೇಗೆ ಓದಿದ್ರಿ? ಎದುರಿಗೆ ತಟ್ಟೋರು ಇದ್ರಾ?"

ಕಂಚು ಪ್ರತಿಯನ್ನು ಕೆಳಗಿಟ್ಟ. ಆಮೇಲೆ ಮಾತು ಬಂತು. ಬಂದ ಮೇಲೆ ಪಕ್ಕದ ಬೀದಿಗೂ ಕೇಳಿಸಿತು.

"ಇರಲಿಲ್ಲ ಮೇಡಂ! ಹೊಟ್ಟೆ ಕೆಟ್ಟಿದೆ, ಹೋಗಿ ಬರ್ತೀನಿ, ಮೇಷ್ಟ್ರಿಗೆ ಗೊತ್ತಾದ್ರೆ ಬೈತಾರೆ, ನೀನು ಸುಮ್ನೆ ಓದ್ತಾ ಇರು ಅಂದ್ರು. ಓದ್ತಾ ಇದ್ದೆ. ಆಮೇಲೆ ಕಳ್ಳತನ ಅಂತ ಗೊತ್ತಾದಾಗ, ಹೊಟ್ಟೆ ಕೆಟ್ಟೋರಿಗೂ ಕಾರ್ಡಿಗೂ ಏನು ಸಂಬಂಧ ಅಂತ ನನಗೆ ನಾನೇ ಹೇಳ್ಕೊಂಡೆ. ಇಬ್ಬರೂ ಇದ್ವಿ ಅಂತ ಒಂದು ಸಲ ಹೇಳಿಬಿಟ್ಟಿದ್ದೆ. ಹೇಗೆ ವಾಪಸ್ ತಗೊಳ್ಲಿ? ಅಕ್ಕನ ಮುಖ ನೋಡೋಕೆ ಆಗ್ತಿರಲಿಲ್ಲ." ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ಅಬ್ಬ! ಎದೆ ಮೇಲಿನ ಕಲ್ಲು ಇಳೀತು."

ಇಲ್ಲಿಯವರೆಗೆ ಸಹಾಯಕರಿಗೆ ಬಹುವಚನ ಹಾಕುತ್ತ, ಕಾರ್ಡಕ್ಕನಿಗೆ ಏಕವಚನ ಹಾಕುತ್ತ ಬಂದೆವು. ಆ ಕಚೇರಿಯ ರೂಢಿ ಹಾಗಿತ್ತು. ಇನ್ನು ಮುಂದೆ ಅದಲುಬದಲು ಮಾಡಿಕೊಳ್ಳೋಣ.

"ಪ್ರೂಫಲ್ಲಿ ನನ್ನ ಗುರುತು ಇದೆ, ನೋಡಿ," ಎಂದ ಸಹಾಯಕ. "ಪ್ರತಿ ಸಾಲಿಗೂ ಇದೆ."

"ಗುರುತು ಆಮೇಲೂ ಹಾಕಬಹುದು. ಸದ್ದನ್ನ ಆಮೇಲೆ ಮಾಡೋಕೆ ಆಗಲ್ಲ," ಎಂದಳು ಮೇಡಂ. ಕಾರ್ಡು ಮತ್ತು ಬಣ್ಣದ ಕಾಗದವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಅಕ್ಕನ ಕಾರ್ಡು ನೋಡಿ ನೀವು ಪುಸ್ತಕ ಬರ್ಕೊಂಡ್ರಿ. ಯಾರೂ ಅದನ್ನ ಬಿಚ್ಚಿ ನೋಡಲ್ಲ ಅನ್ನೋ ಧೈರ್ಯ. ಇವತ್ತು ಬೆಳಿಗ್ಗೆ ಮೇಷ್ಟ್ರು ಬಂದು ಅದೇ ಡ್ರಾಯರ್ ನೋಡ್ತೀನಿ ಅಂದ್ರು. ಹದಿನೇಳು ವರ್ಷ ಹಿಂದಿನ ತಾರೀಖು ಇರೋ ಕಾರ್ಡು, ಅಕ್ಕನ ಕೈಬರಹ. ನಿಮ್ಮ ಪುಸ್ತಕ ಆಚೆ ಬಂದ್ರೆ ಮುಗೀತು. ಅಕ್ಕ ಔಷಧಿಗೆ ಮೇಲೆ ಹೋದ ಕಾಲು ಗಂಟೇಲಿ ಡ್ರಾಯರ್ ಖಾಲಿ ಮಾಡಿದ್ರಿ. ತಾತ ಜೊಂಪಿನಲ್ಲಿದ್ದ. ನಿಮ್ಮ ದುರದೃಷ್ಟಕ್ಕೆ ಒಂದು ಕಾರ್ಡು ಆಗಲೇ ಮಹಡಿ ಹತ್ತಿತ್ತು."

"ಹಾಗಾದ್ರೆ ಉಳಿದದ್ದು ಎಲ್ಲಿ?" ಸಹಾಯಕ ಗೋಡೆ ನೋಡುತ್ತ ಹೇಳಿದ. "ಹುಡುಕಿ ತೋರಿಸಿ ನೋಡೋಣ."

ಮೇಡಂ ಯೋಚಿಸಿದಳು. ಸುಟ್ಟಿಲ್ಲ. ಆಚೆ ಹೋಗಿಲ್ಲ. ಇವನ ಪುಸ್ತಕ ಇನ್ನೂ ಅರ್ಧ. ಮುಗಿಸಲು ಕಾರ್ಡು ಬೇಕು. ಕಾಲು ಗಂಟೆಯಲ್ಲಿ ಸಾವಿರ ಕಾರ್ಡು ಹೊತ್ತು ಬಹುದೂರ ಹೋಗಲಾಗದು.

"ಅಕ್ಕ," ಎಂದಳು. "ಡ್ರಾಯರ್ ಎಳೆದ ಕೂಡಲೇ ಖಾಲಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹಗುರ ಇತ್ತು."

"ಹಾಗಾದ್ರೆ ಭಾರ ಇರಬಾರದ್ದು ಯಾವುದು ಭಾರ ಇದೆ ಅಂತಾನೂ ಗೊತ್ತಾಗುತ್ತಾ?"

*

ಕಾರ್ಡಕ್ಕ ಕೋಣೆಯ ನಡುವೆ ಒಂದು ಗಳಿಗೆ ನಿಂತರು. ಆಮೇಲೆ ಬೀರುಗಳ ಮುಂದೆ ನಡೆದರು. ಒಳಗೆ ನೋಡಲೇ ಇಲ್ಲ. ಒಂದೊಂದು ಹಿಡಿಕೆಗೂ ಎರಡು ಬೆರಳು ಹಾಕಿ, ಅಂಗುಲದಷ್ಟು ಎಳೆದು, ಬಿಟ್ಟು ಮುಂದೆ ಹೋದರು. ಮನೆಯ ಪಾತ್ರೆಗಳನ್ನು ಕತ್ತಲಲ್ಲೂ ಗುರುತಿಸುವ ಹೆಂಗಸಿನಂತೆ. ಒಂದು ಸಾಲು ಮುಗಿಯಿತು. ಎರಡು ಮುಗಿಯಿತು. ಹಿಂದಿನ ಗೋಡೆಯ ತಗ್ಗು ಬೀರುವಿಗೆ ಬಂದರು. ಕೈಬಿಟ್ಟ ಪದಗಳದ್ದು.

ಮೊದಲನೇ ಡ್ರಾಯರ್. ಬಿಟ್ಟರು. ಎರಡನೆಯದು. ಬಿಟ್ಟರು. ಮೂರನೆಯದಕ್ಕೆ ಬೆರಳು ಹಾಕಿದವರು ನಿಂತರು.

"ಇವು ಯಾವತ್ತೂ ಅರ್ಧಕ್ಕಿಂತ ಜಾಸ್ತಿ ತುಂಬಿಲ್ಲ," ಎಂದರು. "ಇದು ಬರ್ತಾ ಇಲ್ಲ."

ದಫೇದಾರ ಹಾರಿ ಬಂದು ಪೂರ್ತಿ ಎಳೆದ. ಮುಂದೆ ಕೆಂಪು ಗೀಟಿನ ಕಾರ್ಡುಗಳು, ಅವನು ಮಧ್ಯಾಹ್ನ ನೋಡಿದ್ದವೇ. ಅವುಗಳ ಹಿಂದೆ ಮರದ ಅಡ್ಡಪಟ್ಟಿ. ಪಟ್ಟಿಯ ಹಿಂದೆ, ಇಕ್ಕಟ್ಟಾಗಿ ತುರುಕಿದ, ಕೆಂಪು ಗೀಟಿಲ್ಲದ ಕಾರ್ಡುಗಳು. ದುಂಡನೆಯ ಅಕ್ಷರ.

'ಹೋಮೆರ್' ಎಂದಿತ್ತು ಮೊದಲನೆಯದರಲ್ಲಿ.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದ ದಫೇದಾರ, ಹಣೆ ಚಚ್ಚಿಕೊಂಡು. ನಾಲ್ಕನೆಯದು, ಐದನೆಯದು, ಆರನೆಯದು, ಏಳನೆಯದು. ಐದು ಡ್ರಾಯರುಗಳ ಬೆನ್ನಲ್ಲಿ ಅಷ್ಟೂ ಸಿಕ್ಕವು. ಒಂದೂ ಹರಿದಿರಲಿಲ್ಲ.

ಅಕ್ಕ ನೆಲದ ಮೇಲೆ ಕುಳಿತು ಕಾರ್ಡುಗಳನ್ನು ಮಡಿಲಿಗೆ ಹಾಕಿಕೊಂಡರು. ಆಗ ಅತ್ತರು. ಅಳುತ್ತಲೇ ಜೋಡಿಸತೊಡಗಿದರು, ಕೈಗೆ ಅದೊಂದೇ ಗೊತ್ತು. ಮೇಷ್ಟ್ರು ಗೋಡೆ ಹಿಡಿದು ಬಂದು, ಎಂಬತ್ತರ ಹತ್ತಿರದ ಮೊಣಕಾಲು ಮಡಿಸಿ, ಅವರ ಎದುರಿಗೆ ಕುಳಿತರು. ಒಂದು ಕಾರ್ಡು ಎತ್ತಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಇನ್ನೊಂದು ಎತ್ತಿದರು.

"ಇದೂ ನಿನ್ನದೇನಾ?"

"ಹೌದು ಮೇಷ್ಟ್ರೇ."

"ಇದು?"

"ಅದೂನೂ."

"ನನ್ನ ಕಣ್ಣಿಗೆ ಔಷಧಿ ನೀನು ಈಗಲ್ಲ, ಹತ್ತೊಂಬತ್ತು ವರ್ಷ ಹಿಂದೆ ಹಾಕಬೇಕಿತ್ತು," ಎಂದರು ಮೇಷ್ಟ್ರು. "ತಪ್ಪು ನನ್ನದು. ಕ್ಷಮಿಸಮ್ಮ."

ಸಹಾಯಕ ಓಣಿಯಲ್ಲಿ ದಫೇದಾರನ ಪಕ್ಕ ನಡೆದ. ಮುಂಬಾಗಿಲಲ್ಲಿ ತಾತ ಅವನ ಚೀಲ ಬಿಚ್ಚಿಸಿ, ಎರಡು ಸಲ ನೋಡಿಯೇ ಬಿಟ್ಟ. ಮೇಡಂ ಮೇಜಿನ ಮೇಲಿದ್ದ ಬೀಗದ ಕೈ ಎತ್ತಿ ಅಕ್ಕನ ಅಂಗೈಯಲ್ಲಿ ಇಟ್ಟಳು. ಅಕ್ಕ ಅದನ್ನು ಕೊರಳಿಗೆ ಹಾಕಿಕೊಂಡರು.

*

ಎರಡು ತಿಂಗಳ ಮೇಲೆ ಮೇಡಂಗೆ ಕಚೇರಿಯಿಂದ ಕರೆ ಬಂತು. ಏನೋ ಮತ್ತೆ ಕಳುವಾಯಿತೇ ಎಂದುಕೊಂಡೇ ಬಂದಳು.

ಕಳುವಾಗಿರಲಿಲ್ಲ. ಪುಸ್ತಕದ ಕೊನೆಯ ಪ್ರೂಫ್ ಬಂದಿತ್ತು. ಕೊನೆಗೆ ಬರುವುದು ಮೊದಲ ಪುಟ. ಪ್ರೂಫ್ ಕೋಣೆಯಲ್ಲಿ ಕಂಚು ತನ್ನ ಜಾಗದಲ್ಲಿ ಕುಳಿತಿದ್ದ. ಎದುರಿಗೆ, ಸಹಾಯಕನ ಕುರ್ಚಿಯಲ್ಲಿ, ಕಣ್ಣು ವಾಸಿಯಾದ ಮೇಷ್ಟ್ರೇ ದೊಣ್ಣೆ ಹಿಡಿದಿದ್ದರು. ಅಕ್ಕ ಬಾಗಿಲ ಬಳಿ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಮೇಡಂ ಮೇಜಿನ ಮೇಲೆ ಅಂಗೈ ಇಟ್ಟಳು.

ಕಂಚು ಪುಸ್ತಕದ ಹೆಸರು ಓದಿದ. ಆಮೇಲೆ, "ಸಂಪಾದಕರು," ಎಂದು ಮೇಷ್ಟ್ರ ಹೆಸರು ಓದಿದ.

ಟಕ್.

"ಮತ್ತು," ಎಂದು ಅಕ್ಕನ ಹೆಸರು ಓದಿದ. ತಂದೆ ತಾಯಿ ಇಟ್ಟ ಪೂರ್ತಿ ಹೆಸರು. ಆ ಕಟ್ಟಡದಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.

ಟಕ್ ಟಕ್.

ಮೇಡಂ ಅಂಗೈಗೆ ಎರಡೂ ಏಟು ಸ್ಪಷ್ಟವಾಗಿ ಬಂದವು.

"ಮೇಷ್ಟ್ರೇ, ತಪ್ಪಾಯ್ತು," ಎಂದರು ಅಕ್ಕ, ಗಾಬರಿಯಾಗಿ. "ಎರಡು ಏಟು ದೊಡ್ಡದಕ್ಕೆ. ಅದು ನಿಮ್ಮದು."

ಮೇಷ್ಟ್ರು ಪ್ರೂಫಿನಿಂದ ತಲೆ ಎತ್ತಲಿಲ್ಲ.

"ನೋಡ್ತಾ ಇರೋನು ನಾನು," ಎಂದರು. "ಸರಿಯಾಗೇ ಇದೆ. ಮುಂದೆ ಓದಪ್ಪ."